ತಪ್ಪು ಯಾರದು? ಅರ್ಧಕ್ಕೆ ನಿಂತ ಲಿನಕ್ಸ್ ಮತ್ತು ಕೈಕೊಡುವ ಮೆಮೊರಿಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಆಮೇಲೆ ಇತಿಹಾಸಕ್ಕೆ ಹೋಗೋಣ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಅಲ್ಲಿನ ಒಂದು ಶಾಲೆಗೆ ಯಾರೋ ದಾನ ಕೊಟ್ಟಿದ್ದ ಹಳೇ ಕಂಪ್ಯೂಟರ್ ಇತ್ತು. ಅದರಲ್ಲಿದ್ದ ವಿಂಡೋಸ್ ಹತ್ತು ನಿಮಿಷ ತಗೊಂಡು ಏಳ್ತಿತ್ತು, ನಡುನಡುವೆ ತಾನಾಗೇ ನಿಂತೂ ಹೋಗ್ತಿತ್ತು. "ಏನಾದ್ರೂ ಮಾಡೋಕಾಗುತ್ತಾ ನೋಡಿ" ಅಂತ ಮುಖ್ಯೋಪಾಧ್ಯಾಯಿನಿ ಕೇಳಿದರು. ನಾನು ಜಂಬದಿಂದ ಒಂದು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿಕೊಂಡು ಹೋದೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಪಕ್ಕದಲ್ಲೇ ಕೂತು ನೋಡ್ತಿದ್ದ, ಬಹಳ ಆಸಕ್ತಿ ಅವನಿಗೆ. ಫೈಲುಗಳ ನಕಲು ಶುರುವಾಯಿತು. "ಇದನ್ನ ನೋಡ್ಕೋತಿರು" ಅಂತ ಹೇಳಿ ನಾನು ಚಹಾ ಕುಡಿಯೋಕೆ ಹೋದೆ.

ವಾಪಸ್ ಬಂದಾಗ ತೆರೆ ಮರಗಟ್ಟಿತ್ತು. ಮೌಸ್ ಅಲ್ಲಾಡ್ತಿಲ್ಲ. ಅಳತೆಯ ಪಟ್ಟಿ ಮುಕ್ಕಾಲು ಭಾಗಕ್ಕೆ ಬಂದು ನಿಂತಿದೆ.

"ಏನು ಒತ್ತಿದೆ?" ಅಂದೆ.

"ಏನೂ ಒತ್ತಿಲ್ಲ ಸಾರ್."

"ಒತ್ತದೇ ಹೇಗೆ ನಿಲ್ಲುತ್ತೆ?"

ಅವನು ಸುಮ್ಮನಾದ. ನಾಲ್ಕು ಜನರ ಮುಂದೆ ನಾನು ಆ ಮಾತು ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಅವನು ಅಲ್ಲಿರಲಿಲ್ಲ.

ಎರಡನೇ ಸಲ ನಾನೇ ಕೂತು ಮಾಡಿದೆ. ಈ ಸಲ ಕಾಲು ಭಾಗಕ್ಕೇ ನಿಂತಿತು. ಮೂರನೇ ಸಲ ಲಿನಕ್ಸ್ ಪರದೆ ಚೆನ್ನಾಗಿ ಬಂತು, ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಮಾತ್ರ ತೆರೆದ ಕೂಡಲೇ ಮಾಯವಾಯಿತು. "ಈ ಲಿನಕ್ಸ್ ಸಹವಾಸ ಬೇಡ ಬಿಡಿ, ಇರೋದೇ ಇರಲಿ" ಅಂದರು ಕಚೇರಿಯವರು.

ಈಗ ಗಮನಿಸಿ. ಅಷ್ಟು ಹೊತ್ತಿಗೆ ಮೂವರ ಮೇಲೆ ಅಪವಾದ ಬಂದಿತ್ತು. ಮೊದಲು ಹುಡುಗ, ಆಮೇಲೆ ನಾನು, ಕೊನೆಗೆ ಲಿನಕ್ಸ್. ನಾಲ್ಕನೆಯವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವನು ಡಬ್ಬದ ಒಳಗೆ ಕೂತಿದ್ದ. ಇವತ್ತಿನ ಸಂಚಿಕೆ ಅವನ ಬಗ್ಗೆ, ಮತ್ತು ಅವನನ್ನು ಹಿಡಿಯೋಕೆ ಜನ ಎಪ್ಪತ್ತೈದು ವರ್ಷಗಳಿಂದ ಪಟ್ಟ ಪಾಡಿನ ಬಗ್ಗೆ.

ವಾರಾಂತ್ಯದಲ್ಲಿ ಕೆಲಸ ಬಿಟ್ಟ ಯಂತ್ರ

1947. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿದ್ದರು. ಆಗಿನ ಕಂಪ್ಯೂಟರು ರಿಲೇಗಳಿಂದ ಮಾಡಿದ್ದು, ಟಕ್ ಟಕ್ ಅಂತ ತೆರೆದು ಮುಚ್ಚುವ ಸಾವಿರಾರು ಸ್ವಿಚ್ಚುಗಳು ಅಂತ ಇಟ್ಟುಕೊಳ್ಳಿ. ಹ್ಯಾಮಿಂಗ್ ಅವರಿಗೆ ಯಂತ್ರ ಸಿಗುತ್ತಿದ್ದದ್ದು ವಾರಾಂತ್ಯದಲ್ಲಿ. ತಪ್ಪಾದರೆ ಯಂತ್ರಕ್ಕೆ ಗೊತ್ತಾಗುತ್ತಿತ್ತು. ವಾರದ ದಿನಗಳಲ್ಲಾದರೆ ಸಿಬ್ಬಂದಿ ಬಂದು ಸರಿಮಾಡುತ್ತಿದ್ದರು. ಶನಿವಾರ, ಭಾನುವಾರ ಯಾರೂ ಇರುತ್ತಿರಲಿಲ್ಲ. ಆಗ ಯಂತ್ರ ಆ ಲೆಕ್ಕವನ್ನು ಅಲ್ಲೇ ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಹ್ಯಾಮಿಂಗ್ ಅವರ ಕೆಲಸ ಆಗಿರುತ್ತಿರಲಿಲ್ಲ. ಒಂದು ಸಲವಲ್ಲ, ಮತ್ತೆ ಮತ್ತೆ.

ಅವರಿಗೆ ಬಂದ ಸಿಟ್ಟು ನಮ್ಮ ಸಿಟ್ಟಿನಂಥದೇ. ಆದರೆ ಅವರು ಕೇಳಿಕೊಂಡ ಪ್ರಶ್ನೆ ಬೇರೆ. ತಪ್ಪಾಗಿದೆ ಅಂತ ಯಂತ್ರಕ್ಕೆ ಗೊತ್ತಾಗುತ್ತೆ ಅಂದಮೇಲೆ, ಎಲ್ಲಿ ತಪ್ಪಾಗಿದೆ ಅಂತಲೂ ಯಾಕೆ ಗೊತ್ತಾಗಬಾರದು? ಗೊತ್ತಾದರೆ ಅದೇ ಯಾಕೆ ತಿದ್ದಿಕೊಳ್ಳಬಾರದು?

ಇದನ್ನು ಬಸ್ಸಿನ ಲೆಕ್ಕದಲ್ಲಿ ಹೇಳ್ತೀನಿ. ಕಂಡಕ್ಟರ್ ತಲೆ ಎಣಿಸ್ತಾರೆ, ಟಿಕೆಟ್ ಎಣಿಸ್ತಾರೆ. ಎರಡೂ ತಾಳೆಯಾಗದಿದ್ದರೆ ಯಾರೋ ಟಿಕೆಟ್ ತಗೊಂಡಿಲ್ಲ ಅಂತ ಗೊತ್ತಾಗುತ್ತೆ. ಯಾರು ಅಂತ ಗೊತ್ತಾಗಲ್ಲ. ಕಂಪ್ಯೂಟರಿನಲ್ಲಿ ಇದಕ್ಕೆ ಪ್ಯಾರಿಟಿ ಅಂತಾರೆ. ಈಗ ಅದೇ ಕಂಡಕ್ಟರ್ ಸಾಲು ಸಾಲಾಗಿ ಒಂದು ಸಲ, ಅಡ್ಡಡ್ಡವಾಗಿ ಒಂದು ಸಲ ಎಣಿಸಿದರೆ? ಮೂರನೇ ಸಾಲಿನಲ್ಲಿ ಒಂದು ಕಡಿಮೆ, ಕಿಟಕಿ ಪಕ್ಕದ ಸೀಟುಗಳಲ್ಲಿ ಒಂದು ಕಡಿಮೆ ಅಂದರೆ, ಮೂರನೇ ಸಾಲಿನ ಕಿಟಕಿ ಪಕ್ಕದವರೇ ಅಲ್ವಾ? ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ವಿಧಾನದ ಹಿಂದಿನ ಉಪಾಯ ಸ್ಥೂಲವಾಗಿ ಇದೇ. ಇವತ್ತು ಸರ್ವರ್‌ಗಳಲ್ಲಿ ಇಸಿಸಿ ಮೆಮೊರಿ ಅಂತ ಬಳಸುತ್ತಾರಲ್ಲ, ತಾನೇ ತಪ್ಪು ತಿದ್ದಿಕೊಳ್ಳುವ ಮೆಮೊರಿ, ಅದರ ಬೇರು ಇಲ್ಲಿದೆ.

ಚಿಪ್ಪಿನ ಕವಚದಲ್ಲಿದ್ದ ಯುರೇನಿಯಂ

1970ರ ದಶಕಕ್ಕೆ ಬರೋಣ. ರಿಲೇಗಳು ಹೋಗಿ ಸಿಲಿಕಾನ್ ಚಿಪ್ಪುಗಳು ಬಂದವು. ಮೆಮೊರಿ ಚಿಪ್ಪಿನ ಒಳಗೆ ಪ್ರತಿಯೊಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು, ಪುಟ್ಟ ವಿದ್ಯುದಾವೇಶದ ರೂಪದಲ್ಲಿ ಇರುತ್ತೆ. ಸೋರುವ ಲೋಟದ ನೀರಿನ ಹಾಗೆ. ಸೆಕೆಂಡಿಗೆ ಎಷ್ಟೋ ಸಲ ತುಂಬುತ್ತಲೇ ಇರಬೇಕು. ಚಿಪ್ಪುಗಳು ಚಿಕ್ಕದಾದಂತೆ ಲೋಟವೂ ಚಿಕ್ಕದಾಯಿತು.

ಆಗ ಒಂದು ವಿಚಿತ್ರ ಶುರುವಾಯಿತು. ಚೆನ್ನಾಗಿರುವ ಚಿಪ್ಪಿನಲ್ಲಿ ಒಂದು ಬಿಟ್ ಇದ್ದಕ್ಕಿದ್ದಂತೆ ತಿರುಗಿಬಿಡುತ್ತಿತ್ತು. ಪರೀಕ್ಷಿಸಿದರೆ ಚಿಪ್ಪಿಗೆ ಏನೂ ಆಗಿಲ್ಲ. 1978ರಲ್ಲಿ ಇಂಟೆಲ್‌ನ ಟಿಮೊಥಿ ಮೇ ಮತ್ತು ಮರ್ರೆ ವುಡ್ಸ್ ಕಾರಣ ಹೇಳಿದರು. ಚಿಪ್ಪನ್ನು ಮುಚ್ಚುವ ಕವಚದ ವಸ್ತುವಿನಲ್ಲೇ ಅತ್ಯಲ್ಪ ಪ್ರಮಾಣದ ಯುರೇನಿಯಂ, ಥೋರಿಯಂ ಸೇರಿಕೊಂಡಿತ್ತು. ಅದರಿಂದ ಹೊರಟ ಆಲ್ಫಾ ಕಣಗಳು ಬಿಟ್‌ಗಳನ್ನು ಕೆಡಿಸುತ್ತಿದ್ದವು. ಕಾವಲಿಗೆ ಅಂತ ಹಾಕಿದ ಕವಚವೇ ಕಳ್ಳ!

ಮರುವರ್ಷ, 1979ರಲ್ಲಿ, ಐಬಿಎಂನ ಜೇಮ್ಸ್ ಜೀಗ್ಲರ್ ಮತ್ತು ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಲ್ಯಾನ್‌ಫೋರ್ಡ್ ಇನ್ನೊಂದು ಕಾರಣ ಮುಂದಿಟ್ಟರು. ಆಕಾಶದಿಂದ ಬರುವ ವಿಶ್ವಕಿರಣಗಳು, ಕಾಸ್ಮಿಕ್ ಕಿರಣ ಅಂತೀವಲ್ಲ, ಅವೂ ಮೆಮೊರಿಯನ್ನು ಕೆಡಿಸಬಲ್ಲವು. ಮುಂದೆ ಐಬಿಎಂ ಇದನ್ನು ಎತ್ತರದ ಬೆಟ್ಟದೂರಿನಲ್ಲಿ ಮತ್ತು ನೆಲದಡಿಯಲ್ಲಿ ಚಿಪ್ಪುಗಳನ್ನಿಟ್ಟು ಪರೀಕ್ಷಿಸಿತು. ಎತ್ತರ ಹೆಚ್ಚಿದಂತೆ ತಪ್ಪು ಹೆಚ್ಚು, ಬಂಡೆಯ ಕೆಳಗೆ ಹೋದರೆ ಕಡಿಮೆ.

ಬಂಡೆ ವಿಶ್ವಕಿರಣವನ್ನು ತಡೆಯುವುದು ನಮ್ಮ ನಾಡಿಗೂ ಹಳೇ ಪರಿಚಯದ ವಿಷಯ. 1950ರ ದಶಕದ ಆರಂಭದಲ್ಲೇ ಬಿ.ವಿ. ಶ್ರೀಕಂಠನ್ ಅವರು ಉಪಕರಣ ಹಿಡಿದು ಕೋಲಾರ ಚಿನ್ನದ ಗಣಿಗೆ ಇಳಿದಿದ್ದರು. ಆಳ ಹೆಚ್ಚಿದಂತೆ ಮ್ಯುವಾನ್ ಎಂಬ ಕಣಗಳು ಎಷ್ಟು ಕಡಿಮೆಯಾಗುತ್ತವೆ ಅಂತ ಅಳೆದರು. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳೂ ಪತ್ತೆಯಾದವು. ಕಂಪ್ಯೂಟರ್ ಮೆಮೊರಿಗೆ ಹೆಚ್ಚು ಕಾಟ ಕೊಡುವುದು ಮ್ಯುವಾನ್ ಅಲ್ಲ, ನ್ಯೂಟ್ರಾನ್. ಆದರೂ ಇವೆಲ್ಲ ಒಂದೇ ಆಕಾಶದ ಮಳೆಯ ಬೇರೆ ಬೇರೆ ಹನಿಗಳು.

ಕಾವಲುಗಾರನನ್ನು ಮನೆಗೆ ಕಳಿಸಿದರು

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ತಂದಾಗ ಪ್ರತಿ ಎಂಟು ಬಿಟ್‌ಗೆ ಒಂಬತ್ತನೇ ಬಿಟ್ ಒಂದನ್ನು ಕಾವಲಿಗೆ ಇಟ್ಟಿತ್ತು. ಅದೇ ಪ್ಯಾರಿಟಿ, ನಮ್ಮ ಮೊದಲ ಕಂಡಕ್ಟರ್. ತಪ್ಪು ಕಂಡರೆ ಯಂತ್ರ ಒಂದು ಸಂದೇಶ ತೋರಿಸಿ ನಿಂತುಬಿಡುತ್ತಿತ್ತು. ಕಿರಿಕಿರಿ ನಿಜ. ಆದರೆ ಪ್ರಾಮಾಣಿಕ ಕಿರಿಕಿರಿ. ತಪ್ಪು ಮೆಮೊರಿಯದು ಅಂತ ಅದೇ ಹೇಳುತ್ತಿತ್ತು.

1990ರ ದಶಕದ ನಡುಭಾಗಕ್ಕೆ ಬಂದರೆ ಬೆಲೆಯ ಪೈಪೋಟಿ ಜೋರಾಗಿತ್ತು. ಎಂಟರ ಜತೆ ಒಂಬತ್ತನೆಯದು ಅಂದರೆ ಮೆಮೊರಿಯ ಖರ್ಚು ಎಂಟನೇ ಒಂದು ಭಾಗ ಜಾಸ್ತಿ. ಅದನ್ನು ಕೈಬಿಟ್ಟರು. 1995ರಲ್ಲಿ ಇಂಟೆಲ್ ತಂದ, ಪೆಂಟಿಯಂ ಕಂಪ್ಯೂಟರುಗಳಲ್ಲಿ ಬಹಳ ಜನಪ್ರಿಯವಾದ ಟ್ರೈಟನ್ ಚಿಪ್‌ಸೆಟ್‌ನಲ್ಲಿ ಪ್ಯಾರಿಟಿಗೆ ಬೆಂಬಲವೇ ಇರಲಿಲ್ಲ. ಸರ್ವರ್ ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಇಸಿಸಿ ಕೊಳ್ಳಲಿ, ಮನೆಯವರಿಗೆ ಯಾಕೆ ಅನ್ನೋ ಲೆಕ್ಕ. ಹಾಗೆ, ಮೆಮೊರಿ ದೊಡ್ಡದಾಗುತ್ತಿದ್ದ ಕಾಲದಲ್ಲೇ ಕಾವಲುಗಾರನನ್ನು ಮನೆಗೆ ಕಳಿಸಿದರು. ಆಮೇಲೆ ಮೆಮೊರಿ ತಪ್ಪಿದರೆ ಯಾರೂ ಹೇಳುವವರಿಲ್ಲ. ಪ್ರೋಗ್ರಾಂ ಸಾಯುತ್ತೆ, ಫೈಲ್ ಕೆಡುತ್ತೆ, ತೆರೆ ಮರಗಟ್ಟುತ್ತೆ. ಬೈಗುಳ ಸಾಫ್ಟ್‌ವೇರಿಗೆ.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ಲಿನಕ್ಸ್ ಬಂತು.

ಹನ್ನೊಂದನೇ ಸಂಕೇತ

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದು ಹಂಚಿದ್ದು ನಿಮಗೆ ಗೊತ್ತಿರುತ್ತೆ. ಆಗ ಲಿನಕ್ಸ್ ಹಾಕುವುದು ಅಂದರೆ ಇವತ್ತಿನ ಹಾಗೆ ನಾಲ್ಕು ಬಟನ್ ಒತ್ತುವುದಲ್ಲ. ಫ್ಲಾಪಿಗಳ ಕಟ್ಟು ಇಟ್ಟುಕೊಂಡು ಒಂದಾದ ಮೇಲೊಂದು ಹಾಕಬೇಕು. ಆಮೇಲೆ ತಮ್ಮ ಯಂತ್ರಕ್ಕೆ ತಕ್ಕಂತೆ ಕರ್ನೆಲ್ ಅನ್ನು, ಅಂದರೆ ಲಿನಕ್ಸ್‌ನ ತಿರುಳನ್ನು, ಜನ ತಾವೇ ಕಂಪೈಲ್ ಮಾಡಿಕೊಳ್ಳುತ್ತಿದ್ದರು. ಸಾವಿರಾರು ಸಾಲುಗಳ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಕೆಲಸ ಅದು. ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಮೆಮೊರಿ, ಪ್ರೊಸೆಸರ್, ಡಿಸ್ಕ್ ಮೂರೂ ಬೆವರು ಸುರಿಸಬೇಕು.

ಎಷ್ಟೋ ಜನರಿಗೆ ನಡುವೆ ಒಂದು ಸಂದೇಶ ಬರುತ್ತಿತ್ತು: ಕಂಪೈಲರಿಗೆ ಸಿಗ್ನಲ್ 11 ಬಂದು ಅದು ಸತ್ತಿದೆ ಅಂತ. ಹನ್ನೊಂದನೇ ಸಂಕೇತ ಅಂದರೆ, ಪ್ರೋಗ್ರಾಂ ತನ್ನದಲ್ಲದ ಜಾಗಕ್ಕೆ ಕೈ ಹಾಕಿದೆ ಅಂತ ಅರ್ಥ. ಕಾಗದದ ಮೇಲಿನ ಪಿನ್‌ಕೋಡ್‌ನಲ್ಲಿ ಒಂದಂಕಿ ತಪ್ಪಿದರೆ ಕಾಗದ ಇನ್ನಾವುದೋ ಊರಿಗೆ ಹೋಗುತ್ತಲ್ಲ, ಹಾಗೆ. ಮೆಮೊರಿಯಲ್ಲಿ ಬರೆದಿಟ್ಟ ವಿಳಾಸದ ಒಂದು ಬಿಟ್ ತಿರುಗಿದರೆ ಸಾಕು, ಪ್ರೋಗ್ರಾಂ ಪರರ ಮನೆಯ ಬಾಗಿಲು ತಟ್ಟುತ್ತೆ. ಕರ್ನೆಲ್ ಅದನ್ನು ಹಿಡಿದು ಹೊರಗೆ ಹಾಕುತ್ತೆ.

ಜನ ಏನಂದರು? "ಲಿನಕ್ಸ್ ಸರಿಯಿಲ್ಲ. ಇದೇ ಯಂತ್ರದಲ್ಲಿ ವಿಂಡೋಸ್ ಚೆನ್ನಾಗೇ ನಡೀತಿದೆ." ನಮ್ಮ ಶಾಲೆಯ ಕಚೇರಿಯವರು ಹೇಳಿದ್ದು ಹೆಚ್ಚುಕಡಿಮೆ ಅದನ್ನೇ.

ನೆದರ್ಲೆಂಡ್ಸ್‌ನ ರೋಜಿಯರ್ ವೊಲ್ಫ್ ಎಂಬುವರು ಈ ಒಂದೇ ಸಂದೇಶದ ಬಗ್ಗೆ ಒಂದು ಪ್ರಶ್ನೋತ್ತರ ಬರೆದು ಅಂತರ್ಜಾಲದಲ್ಲಿಟ್ಟರು. ಸಿಗ್ನಲ್ 11ರ ಪ್ರಶ್ನೋತ್ತರ ಅಂತಲೇ ಅದು ಹೆಸರಾಯಿತು. ಲಿನಕ್ಸ್ ಜಗತ್ತಿನ ಪಂಚಾಂಗ ಅನ್ನಿ, ಎಲ್ಲರೂ ಅದನ್ನೇ ತೆರೆದು ನೋಡುತ್ತಿದ್ದರು. ಅದರ ಸಾರ ಇಷ್ಟು ಸರಳ: ಅದೇ ಕೆಲಸವನ್ನು ಮತ್ತೆ ಮಾಡಿ. ಎರಡನೇ ಸಲವೂ ಅದೇ ಜಾಗದಲ್ಲಿ ನಿಂತರೆ ಸಾಫ್ಟ್‌ವೇರಿನ ತಪ್ಪಿರಬಹುದು. ಬೇರೆ ಜಾಗದಲ್ಲಿ ನಿಂತರೆ, ಅಥವಾ ನಿಂತಲ್ಲಿಂದ ಮುಂದಕ್ಕೆ ಹೋದರೆ, ಬಹುತೇಕ ಖಚಿತವಾಗಿ ಹಾರ್ಡ್‌ವೇರಿನ ತಪ್ಪು.

ಯಾಕೆ ಅಂದರೆ ಸಾಫ್ಟ್‌ವೇರ್ ಹಟಮಾರಿ. ಅದೇ ಬರಹ, ಅದೇ ಮಾಹಿತಿ ಕೊಟ್ಟರೆ ಸಾಮಾನ್ಯವಾಗಿ ಅದೇ ತಪ್ಪನ್ನು ಅದೇ ಜಾಗದಲ್ಲಿ ಮಾಡುತ್ತೆ. ಸಡಿಲವಾದ ಮೆಮೊರಿ, ಕಾದ ಪ್ರೊಸೆಸರ್, ನಡುಗುವ ವಿದ್ಯುತ್ ಹಾಗಲ್ಲ. ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ.

ಮುಕ್ಕಾಲು ಭಾಗ, ಕಾಲು ಭಾಗ, ತೆರೆದ ಕೂಡಲೇ. ಶಾಲೆಯ ಆ ಕಂಪ್ಯೂಟರ್ ನನಗೆ ಇದನ್ನೇ ಮೂರು ಸಲ ಹೇಳಿತ್ತು. ನಾನು ಹುಡುಗನ ಮುಖ ನೋಡುತ್ತಿದ್ದೆ.

ಹಾಗಾದರೆ ವಿಂಡೋಸ್ ಹೇಗೆ ನಡೀತಿತ್ತು? ವೊಲ್ಫ್ ಇದಕ್ಕೂ ಉತ್ತರ ಕೊಟ್ಟಿದ್ದರು. ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನು ಸುಮ್ಮನೆ ಬಿಡಲ್ಲ, ಡಿಸ್ಕಿನಿಂದ ಓದಿದ್ದನ್ನೆಲ್ಲ ಅಲ್ಲಿ ಇಟ್ಟುಕೊಳ್ಳುತ್ತೆ. ಆಗಿನ ವಿಂಡೋಸ್ ಯಂತ್ರದ ಮೇಲೆ ಅಷ್ಟು ಭಾರ ಹಾಕುತ್ತಿರಲಿಲ್ಲ. ಮನೆಯ ಹಿಂದಿನ ಕೋಣೆಯ ಮಾಡು ಸೋರುತ್ತಿದ್ದರೂ ಆ ಕೋಣೆಗೆ ಹೋಗದವರಿಗೆ ಗೊತ್ತಾಗಲ್ಲ. ಹೊಸದಾಗಿ ಬಂದ ಸೊಸೆ ಎಲ್ಲ ಕೋಣೆ ಗುಡಿಸ್ತಾಳೆ, ಆಗ ಸೋರಿಕೆ ಕಾಣುತ್ತೆ. "ನೀನು ಬಂದ ಮೇಲೆ ಮಾಡು ಸೋರೋಕೆ ಶುರುವಾಯ್ತು" ಅಂದರೆ ಹೇಗಿರುತ್ತೆ?

ಇವತ್ತೂ ಇದು ಬದಲಾಗಿಲ್ಲ. ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಒತ್ತೊತ್ತಾಗಿ ಕುಗ್ಗಿಸಿದ ರೂಪದಲ್ಲಿರುತ್ತೆ. ಹಾಕುವಾಗ ಅದನ್ನು ಮೆಮೊರಿಯಲ್ಲಿ ಬಿಡಿಸಬೇಕು. ಚಿತ್ರದ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಕಣ್ಣಿಗೂ ಕಾಣಲ್ಲ. ಕುಗ್ಗಿಸಿದ ಮಾಹಿತಿಯಲ್ಲಿ ಒಂದು ಬಿಟ್ ತಪ್ಪಿದರೆ ಅಲ್ಲಿಂದ ಮುಂದಿನ ಎಷ್ಟೋ ಭಾಗ ಬಿಚ್ಚಿಕೊಳ್ಳುವುದೇ ಇಲ್ಲ.

ರಾತ್ರಿಯಿಡೀ ಎಣಿಸುವ ಪ್ರೋಗ್ರಾಂ

ಅನುಮಾನ ಬಂತು, ಸರಿ. ಸಾಬೀತು ಮಾಡುವುದು ಹೇಗೆ? ಕಂಪ್ಯೂಟರ್ ಆನ್ ಆಗುವಾಗ ಮೆಮೊರಿ ಎಣಿಸುತ್ತಿತ್ತಲ್ಲ, ಅದು ಬರೀ ಹಾಜರಿ ಕರೆದ ಹಾಗೆ. ಪೂರ್ತಿ ಸತ್ತಿದ್ದರೆ ಮಾತ್ರ ಗೊತ್ತಾಗುತ್ತೆ.

1994ರಲ್ಲಿ ಕ್ರಿಸ್ ಬ್ರೇಡಿ ಎಂಬುವರು ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಬರೆದರು. ಇದರ ವಿಶೇಷ ಏನೆಂದರೆ ಇದಕ್ಕೆ ವಿಂಡೋಸೂ ಬೇಡ, ಲಿನಕ್ಸೂ ಬೇಡ. ನೇರವಾಗಿ ತಾನೇ ಏಳುತ್ತೆ, ಹೆಚ್ಚುಕಡಿಮೆ ಇಡೀ ಮೆಮೊರಿ ಅದರ ಕೈಗೆ ಸಿಗುತ್ತೆ. ಒಂದು ನಮೂನೆ ಬರೆಯುತ್ತೆ, ಓದುತ್ತೆ. ಅದನ್ನೇ ತಲೆಕೆಳಗು ಮಾಡಿ, ಸೊನ್ನೆ ಇದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ, ಮತ್ತೆ ಬರೆಯುತ್ತೆ, ಓದುತ್ತೆ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ. ಪಕ್ಕದ ಬಿಟ್ ಬದಲಾದಾಗ ಇದು ಕದಲುತ್ತಾ ಅಂತ ನೋಡುತ್ತೆ. ಬರೆದದ್ದಕ್ಕೂ ಓದಿದ್ದಕ್ಕೂ ತಾಳೆಯಾಗದಿದ್ದರೆ ಕೆಂಪು ಸಾಲು. 2004ರಲ್ಲಿ ಸ್ಯಾಮ್ಯುಯೆಲ್ ಡೆಮೆಲೆಮೀಸ್ಟರ್ ಇದರ ಕವಲೊಂದನ್ನು ಹೊಸ ಪ್ರೊಸೆಸರುಗಳಿಗೆ ಹೊಂದಿಸಿದರು. ಅದೇ ಮೆಮ್‌ಟೆಸ್ಟ್86 ಪ್ಲಸ್. ಎಷ್ಟೋ ಲಿನಕ್ಸ್ ಸಿಡಿಗಳ ಮೊದಲ ಪಟ್ಟಿಯಲ್ಲಿ "ಮೆಮೊರಿ ಪರೀಕ್ಷಿಸಿ" ಅಂತ ಒಂದು ಸಾಲು ಇರುತ್ತಿತ್ತಲ್ಲ, ನಾವೆಲ್ಲ ದಾಟಿಕೊಂಡು ಹೋಗುತ್ತಿದ್ದ ಸಾಲು, ಅದರ ಹಿಂದೆ ಇದ್ದದ್ದು ಈ ಬಗೆಯ ಪ್ರೋಗ್ರಾಂ.

ಇನ್ನೊಬ್ಬ ಡಚ್ಚರು, ರಿಕ್ ವ್ಯಾನ್ ರೇನ್, ಒಂದು ಹೆಜ್ಜೆ ಮುಂದೆ ಹೋದರು. ಮೆಮೊರಿಯಲ್ಲಿ ನಾಲ್ಕು ಜಾಗ ಕೆಟ್ಟಿದೆ ಅಂತ ಇಡೀ ತುಂಡನ್ನು ಯಾಕೆ ಬಿಸಾಡಬೇಕು? ಕೆಟ್ಟ ವಿಳಾಸಗಳನ್ನು ಲಿನಕ್ಸ್‌ಗೆ ಹೇಳಿಬಿಟ್ಟರೆ ಅದು ಅಲ್ಲಿಗೆ ಹೋಗದೆ ಉಳಿದದ್ದನ್ನು ಬಳಸುತ್ತೆ. ಬ್ಯಾಡ್‌ರ‍್ಯಾಮ್ ಅಂತ ಇದರ ಹೆಸರು. ದುಡ್ಡಿಲ್ಲದವರ ಜಾಣತನ. ಈ ಸೌಲಭ್ಯ ಲಿನಕ್ಸ್ ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂನಲ್ಲಿ ಈಗಲೂ ಇದೆ.

ಆಕಾಶವೋ, ಅಂಗಡಿಯೋ?

2003ರ ಮೇ 18ರಂದು ಬೆಲ್ಜಿಯಂನಲ್ಲಿ ಚುನಾವಣೆ ನಡೆಯಿತು. ಬ್ರಸೆಲ್ಸ್‌ನ ಶಾರ್‌ಬೀಕ್ ಎಂಬಲ್ಲಿ ಕಂಪ್ಯೂಟರ್ ಮೂಲಕ ಮತದಾನ. ಒಬ್ಬ ಅಭ್ಯರ್ಥಿಗೆ ಸಾಧ್ಯವೇ ಇಲ್ಲದಷ್ಟು ಮತ ಬಿದ್ದಿತ್ತು. ಮರು ಎಣಿಕೆ ಮಾಡಿದರೆ ಹೆಚ್ಚಾಗಿದ್ದದ್ದು ಸರಿಯಾಗಿ 4096. ಕಂಪ್ಯೂಟರ್ ಗೊತ್ತಿರುವವರಿಗೆ ಈ ಸಂಖ್ಯೆ ನೋಡಿದ ಕೂಡಲೇ ಮೈ ಝುಮ್ ಅನ್ನುತ್ತೆ. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4096. ಅಂದರೆ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಬರುವ ವ್ಯತ್ಯಾಸ. ಪ್ರೋಗ್ರಾಂ ಜಾಲಾಡಿದರೂ ತಪ್ಪು ಸಿಗಲಿಲ್ಲ. ಬಿಟ್ ತಾನಾಗೇ ತಿರುಗಿರಬೇಕು ಅನ್ನೋದೇ ಉಳಿದ ವಿವರಣೆ. ವಿಶ್ವಕಿರಣ ಇರಬಹುದು ಅಂತ ಅನೇಕರು ಹೇಳುತ್ತಾರೆ, ಸಾಬೀತಾಗಿಲ್ಲ.

ಈ ಕಥೆ ಕೇಳಿ ನಮಗೆ ಎಲ್ಲಕ್ಕೂ ಆಕಾಶವನ್ನೇ ದೂರುವ ಆಸೆ ಬರುತ್ತೆ. ಸ್ವಲ್ಪ ತಡೀರಿ. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಗೂಗಲ್‌ನ ಯಂತ್ರಗಳನ್ನು ಎರಡೂವರೆ ವರ್ಷ ಗಮನಿಸಿದ ಲೆಕ್ಕ. ವರ್ಷವೊಂದರಲ್ಲಿ ಮೆಮೊರಿ ತುಂಡುಗಳ ಪೈಕಿ ಶೇಕಡ 8ಕ್ಕಿಂತ ಹೆಚ್ಚಿನವು ತಪ್ಪು ಮಾಡಿದ್ದವು. ಯಂತ್ರಗಳ ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಭಾಗ. ಹಿಂದಿನ ಅಂದಾಜಿಗಿಂತ ಇದು ಬಹಳ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಬಹುಪಾಲು ತಪ್ಪುಗಳು ಆಕಾಶದ ಕಣ ಬಡಿದು ಆದಂಥವಲ್ಲ, ಮೆಮೊರಿಯೇ ಕೆಟ್ಟಿರುವುದರಿಂದ ಆಗುವಂಥವು ಅಂತ ಅವರ ಅಂಕಿಅಂಶ ಸೂಚಿಸಿತು. ಒಂದು ಸಲ ತಪ್ಪಿದ ತುಂಡು ಮತ್ತೆ ತಪ್ಪುವ ಸಾಧ್ಯತೆ ಜಾಸ್ತಿ.

ಇದು ನಮಗೆ ಒಳ್ಳೇ ಸುದ್ದಿ, ಯಾಕಂದ್ರೆ ವಿಶ್ವಕಿರಣವನ್ನು ನಾವು ಹಿಡಿಯೋಕಾಗಲ್ಲ. ಕೆಟ್ಟ ಮೆಮೊರಿಯನ್ನು ಹಿಡಿಯಬಹುದು.

ಮೆಮೊರಿ ಒಂದೇ ಅಪರಾಧಿ ಅಂತಲೂ ಅಲ್ಲ. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಅನೇಕ ಮದರ್‌ಬೋರ್ಡ್‌ಗಳಲ್ಲಿ ಕೆಪಾಸಿಟರ್‌ಗಳು ಉಬ್ಬಿ ಸೋರುವ ರೋಗ ಜಗತ್ತಿನಾದ್ಯಂತ ಕಾಣಿಸಿಕೊಂಡಿತ್ತು. ಒಳಗಿನ ದ್ರವದ ಗುಣಮಟ್ಟ ಕಳಪೆಯಾಗಿತ್ತು. ಡಬ್ಬ ತೆರೆದು ನೋಡಿದರೆ ಪುಟ್ಟ ಡ್ರಮ್ಮುಗಳ ತಲೆ ಉಬ್ಬಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಹಾರ್ಡ್ ಡಿಸ್ಕ್, ಧೂಳು ಹಿಡಿದ ಫ್ಯಾನ್, ಸೋತ ಪವರ್ ಸಪ್ಲೈ, ಇವೆಲ್ಲವೂ ಸಾಲಿನಲ್ಲಿವೆ.

ಲಿನಸ್ ಅವರಿಗೂ ಇದೇ ಆಯಿತು

ಇತಿಹಾಸ ಮುಗಿಸುವ ಮುಂಚೆ ಇದೊಂದನ್ನು ಹೇಳಲೇಬೇಕು. 2021ರ ಜನವರಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಇಂಟೆಲ್ ಮೇಲೆ ಬಹಿರಂಗವಾಗಿ ಹರಿಹಾಯ್ದಿದ್ದರು. ಸಾಮಾನ್ಯ ಜನರ ಕಂಪ್ಯೂಟರಿಗೆ ಇಸಿಸಿ ಮೆಮೊರಿ ಸುಲಭವಾಗಿ ಸಿಗದಂತೆ ಮಾಡಿದ್ದು ಆ ಕಂಪನಿಯ ನೀತಿ ಅನ್ನೋದು ಅವರ ಆರೋಪ. ಕೆಟ್ಟ ಮೆಮೊರಿಯಿಂದಾದ ತಪ್ಪುಗಳಿಗೆ ಕರ್ನೆಲ್ ಬರೆಯುವವರು ಎಷ್ಟು ವರ್ಷ ಬೈಗುಳ ತಿಂದಿದ್ದಾರೆ ಅಂತ ನಾವು ನೋಡಿದೆವಲ್ಲ.

ಮುಂದಿನ ವರ್ಷ, 2022ರ ಅಕ್ಟೋಬರ್. ಲಿನಕ್ಸ್ 6.1ರ ಕೆಲಸ ಭರದಿಂದ ನಡೀತಿದೆ. ಲಿನಸ್ ಅವರ ಸ್ವಂತ ಕಂಪ್ಯೂಟರಿನಲ್ಲಿ ಕಂಪೈಲ್ ನಡುವೆ ಸಂಬಂಧವಿಲ್ಲದ ಜಾಗಗಳಲ್ಲಿ ತಪ್ಪುಗಳು. ಅವರು ಮೊದಲು ಯಾರನ್ನು ಅನುಮಾನಿಸಿದರು ಹೇಳಿ? ಹೊಸ ಕರ್ನೆಲ್ಲನ್ನು! ಆಮೇಲೆ ಹಳೇ ಕರ್ನೆಲ್ ಹಾಕಿ ನೋಡಿದರು, ಆಗಲೂ ತಪ್ಪು ಬಂತು. ರಾತ್ರಿಯಿಡೀ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿದರು. ಎರಡೂವರೆ ವರ್ಷ ಸುಮ್ಮನಿದ್ದ ಮೆಮೊರಿ ತುಂಡೊಂದು ಕೆಟ್ಟಿತ್ತು. ಇಸಿಸಿಯ ಪರವಾಗಿ ಅಷ್ಟು ವಾದಿಸಿದವರ ಯಂತ್ರದಲ್ಲೇ ಆಗ ಇದ್ದದ್ದು ಇಸಿಸಿ ಇಲ್ಲದ ಮೆಮೊರಿ. ಇಸಿಸಿ ತರಿಸಿಕೊಳ್ಳುವವರೆಗೆ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡಬೇಕಾಯಿತು.

ಲಿನಕ್ಸ್ ಬರೆದವರೇ ಮೊದಲು ಲಿನಕ್ಸ್ ಮೇಲೆ ಅನುಮಾನ ಪಟ್ಟರು. ಆದರೆ ಅವರು ಅನುಮಾನವನ್ನು ತೀರ್ಪು ಅಂತ ಹೇಳಲಿಲ್ಲ, ಪರೀಕ್ಷಿಸಿದರು. ನನಗೂ ಅವರಿಗೂ ಇರುವ ಅನೇಕ ವ್ಯತ್ಯಾಸಗಳಲ್ಲಿ ಇದೂ ಒಂದು.

ಶಾಲೆಗೆ ವಾಪಸ್

ಆವತ್ತು ರಾತ್ರಿ ಕಂಪ್ಯೂಟರನ್ನು ಮನೆಗೇ ತಂದೆ. ಮೊದಲು ಪೆನ್‌ಡ್ರೈವ್ ಪರೀಕ್ಷೆ. ಇಳಿಸಿಕೊಂಡ ಫೈಲಿನ ಮೊಹರು, ಚೆಕ್‌ಸಮ್ ಅಂತಾರೆ, ಅದು ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಇತ್ತು. ಪೆನ್‌ಡ್ರೈವ್ ಬದಲಿಸಿದೆ. ಮತ್ತೆ ನಿಂತಿತು, ಇನ್ನೊಂದು ಜಾಗದಲ್ಲಿ. ಆಗ ಮೆಮೊರಿ ಪರೀಕ್ಷೆ ಹಚ್ಚಿ ಊಟಕ್ಕೆ ಕೂತೆ. ಹೊರಗೆ ಮಳೆ. ಊಟ ಮುಗಿಸಿ ಬಂದರೆ ತೆರೆಯ ಕೆಳಭಾಗ ಪೂರ್ತಿ ಕೆಂಪು.

ಒಳಗೆ ಎರಡು ಗಿಗಾಬೈಟ್‌ನ ಎರಡು ತುಂಡುಗಳಿದ್ದವು. ಎರಡನ್ನೂ ಕಿತ್ತು, ಚಿನ್ನದ ಬಣ್ಣದ ಅಂಚನ್ನು ಒರೆಸಿ, ಮತ್ತೆ ಕೂರಿಸಿದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಹೋಗಲಿಲ್ಲ. ಒಂದೊಂದನ್ನೇ ಹಾಕಿ ನೋಡಿದೆ. ಒಂದು ರಾತ್ರಿಯಿಡೀ ಓಡಿದರೂ ಒಂದು ತಪ್ಪಿಲ್ಲ. ಇನ್ನೊಂದು ಹತ್ತು ನಿಮಿಷಕ್ಕೇ ಕೆಂಪು. ಅದೇ ಸ್ಲಾಟ್, ಅದೇ ಯಂತ್ರ, ತುಂಡು ಮಾತ್ರ ಬೇರೆ. ಅಪರಾಧಿ ಸಿಕ್ಕ.

ಬೆಳಿಗ್ಗೆ ಒಂದೇ ತುಂಡಿನಲ್ಲಿ, ಕಡಿಮೆ ಮೆಮೊರಿಗೆ ಒಗ್ಗುವ ಹಗುರ ಲಿನಕ್ಸ್ ಹಾಕಿದೆ. ಇಪ್ಪತ್ತೈದು ನಿಮಿಷದಲ್ಲಿ ಮುಗೀತು.

ಕೇಳುಗರಿಗೆ ಉಪಯೋಗಕ್ಕೆ ಬರಲಿ ಅಂತ ಕ್ರಮ ಇನ್ನೊಮ್ಮೆ ಹೇಳ್ತೀನಿ. ಇನ್‌ಸ್ಟಾಲ್ ನಿಂತರೆ ಎಲ್ಲಿ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ಮತ್ತೊಮ್ಮೆ ಮಾಡಿ, ಅದೇ ಜಾಗವಾ ನೋಡಿ. ಫೈಲಿನ ಚೆಕ್‌ಸಮ್ ನೋಡಿ, ಪೆನ್‌ಡ್ರೈವ್ ಬದಲಿಸಿ. ಮೆಮೊರಿ ಪರೀಕ್ಷೆಯನ್ನು ಒಂದು ರಾತ್ರಿ ಪೂರ್ತಿ ಬಿಡಿ. ಕೆಂಪು ಕಂಡರೆ ಒಂದೊಂದು ತುಂಡಾಗಿ ಪರೀಕ್ಷಿಸಿ. ಆಮೇಲೆ ಡಿಸ್ಕ್, ಆಮೇಲೆ ಶಾಖ ಮತ್ತು ಪವರ್ ಸಪ್ಲೈ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಇನ್ನೊಂದು ಮಾತು: ಆ ಯಂತ್ರದಲ್ಲಿ ಬೇಕಾದ ಫೈಲುಗಳಿದ್ದರೆ, ಮೆಮೊರಿ ಸರಿಯಿದೆ ಅಂತ ಖಚಿತವಾಗುವವರೆಗೆ ಅವನ್ನು ಅಲ್ಲಿ ನಕಲು ಮಾಡಬೇಡಿ. ಡಿಸ್ಕನ್ನು ಕಳಚಿ ಬೇರೆ ಯಂತ್ರದಲ್ಲಿ ನಕಲು ಮಾಡಿಕೊಳ್ಳುವುದು ಕ್ಷೇಮ. ಕೆಟ್ಟ ಮೆಮೊರಿಯ ಮೂಲಕ ಹಾದ ಫೈಲು ಸದ್ದಿಲ್ಲದೆ ಕೆಟ್ಟಿರುತ್ತೆ.

ಕಂಪ್ಯೂಟರನ್ನು ಶಾಲೆಗೆ ತಗೊಂಡು ಹೋದಾಗ ಮುಖ್ಯೋಪಾಧ್ಯಾಯಿನಿಯವರ ಹತ್ತಿರ ಆ ಹುಡುಗನನ್ನು ಕರೆಸಿ ಅಂದೆ. ಹಿಂದಿನ ದಿನ ಅಲ್ಲಿದ್ದ ನಾಲ್ಕು ಜನರೂ ಇದ್ದರು. ಕೆಟ್ಟ ತುಂಡನ್ನು ಅವನ ಕೈಗೆ ಕೊಟ್ಟು, "ನೀನು ಏನೂ ಒತ್ತಿರಲಿಲ್ಲ. ತಪ್ಪು ಇದರದ್ದು, ಮತ್ತೆ ನನ್ನದು" ಅಂದೆ.

"ನಾನು ಹೇಳಿದ್ನಲ್ಲ ಸಾರ್" ಅಂದ. ಅಷ್ಟೇ. ಆಮೇಲೆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ನೋಡೋಕೆ ಚೆನ್ನಾಗೇ ಇದೆಯಲ್ಲ, ಎಲ್ಲಿ ಕೆಟ್ಟಿದೆ?" ಅಂತ ಕೇಳಿದ. ಅವನ ಆ ಪ್ರಶ್ನೆಗೆ ಅವತ್ತು ನಾನು ಹೇಳಿದ್ದನ್ನೇ ಇವತ್ತು ನಿಮಗೆ ಸ್ವಲ್ಪ ವಿಸ್ತಾರವಾಗಿ ಹೇಳಿದ್ದೀನಿ.

ನಿಮ್ಮ ಮನೆಯಲ್ಲೂ ಇಂಥ ಹಳೇ ಕಂಪ್ಯೂಟರ್ ಇದ್ದರೆ, ಬಿಸಾಡುವ ಮುಂಚೆ ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿ.